ಲಾರಿಯ ಹಾದಿ ಮತ್ತು ಗಣಿತದ ಲೆಕ್ಕ

ಸುರಪುರದ ಉಗ್ರಾಣವೊಂದರಿಂದ ಸುತ್ತಲಿನ ನ್ಯಾಯಬೆಲೆ ಅಂಗಡಿಗಳಿಗೆ ಪಡಿತರದ ಅಕ್ಕಿಯನ್ನು ಲಾರಿಯಲ್ಲಿ ಕಳುಹಿಸಬೇಕಾಗಿದೆ ಎಂದು ಭಾವಿಸೋಣ. ದೇವಾಪುರ, ಕಕ್ಕೇರಾ, ಕೆಂಭಾವಿ, ಹುಣಸಗಿ, ಕೊಡೇಕಲ್ ಎಂಬ ಐದು ಊರುಗಳಿಗೆ ಹೋಗಿ ಬರಬೇಕು. ಯಾವುದಕ್ಕೆ ಮೊದಲು, ಯಾವುದಕ್ಕೆ ಅನಂತರ?

ಐದು ಊರುಗಳನ್ನು 120 ಕ್ರಮಗಳಲ್ಲಿ ಸುತ್ತಬಹುದು. ಊರುಗಳು ಹತ್ತಾದರೆ ಕ್ರಮಗಳು 36,28,800. ಹದಿನೈದಾದರೆ 1.3 ಲಕ್ಷ ಕೋಟಿಗೂ ಹೆಚ್ಚು. ಸೆಕೆಂಡಿಗೆ ಹತ್ತು ಲಕ್ಷ ಕ್ರಮಗಳನ್ನು ಪರೀಕ್ಷಿಸಬಲ್ಲ ಯಂತ್ರಕ್ಕೂ ಇವನ್ನು ಮುಗಿಸಲು ಹದಿನೈದು ದಿನಗಳು ಬೇಕು. ಊರುಗಳು ಇಪ್ಪತ್ತಾದರೆ ಸುಮಾರು 77,000 ವರ್ಷಗಳೇ ಬೇಕು! ಆದುದರಿಂದ ಎಲ್ಲ ಹಾದಿಗಳನ್ನೂ ಒಂದೊಂದಾಗಿ ಅಳೆದು ನೋಡುವುದು ಸಾಧ್ಯವಿಲ್ಲ, ಉಪಾಯವನ್ನು ಹುಡುಕಲೇಬೇಕು.

1959ರಲ್ಲಿ ಡ್ಯಾಂಟ್ಜಿಗ್ ಮತ್ತು ರ್‍ಯಾಮ್ಸರ್ ಎಂಬ ಗಣಿತಜ್ಞರು ಪೆಟ್ರೋಲು ಹಂಚುವ ಲಾರಿಗಳನ್ನು ಕುರಿತು ಈ ಸಮಸ್ಯೆಯನ್ನು ಮುಂದಿಟ್ಟರು. 1964ರಲ್ಲಿ ಕ್ಲಾರ್ಕ್ ಮತ್ತು ರೈಟ್ ಎಂಬವರು ಸರಳವಾದ ‘ಉಳಿತಾಯ ವಿಧಾನ’ವನ್ನು ಪ್ರಕಟಿಸಿದರು. ಅದನ್ನು ಕಲ್ಪಿತ ಅಂಕಿಗಳಿಂದ ತಿಳಿಯೋಣ.

ಉಗ್ರಾಣದಿಂದ ಅ, ಆ, ಇ ಎಂಬ ಊರುಗಳು ಕ್ರಮವಾಗಿ 30, 32, 20 ಕಿಲೋಮೀಟರ್ ದೂರದಲ್ಲಿವೆ. ಒಂದೊಂದಕ್ಕೂ ಪ್ರತ್ಯೇಕವಾಗಿ ಹೋಗಿಬಂದರೆ ಒಟ್ಟು 164 ಕಿಲೋಮೀಟರ್. ಅ–ಆ ನಡುವಣ ದೂರ 8 ಮಾತ್ರ. ಇವೆರಡನ್ನೂ ಒಂದೇ ಸುತ್ತಿನಲ್ಲಿ ಸೇರಿಸಿದರೆ 30 ಮತ್ತು 32 ಕೂಡಿ, 8 ಕಳೆದು, 54 ಕಿಲೋಮೀಟರ್ ಉಳಿಯುತ್ತದೆ. ಅ–ಇ ನಡುವೆ 15 ಇದ್ದರೆ ಉಳಿತಾಯ 35. ಆ–ಇ ನಡುವೆ 22 ಇದ್ದರೆ 30. ಹೆಚ್ಚು ಉಳಿತಾಯವಾಗುವ ಜೋಡಿಯನ್ನು ಮೊದಲು ಕೂಡಿಸಬೇಕೆಂಬುದೇ ವಿಧಾನದ ತಿರುಳು.

ಆದರೆ ಲಾರಿಗೆ ಹಿಡಿಯುವುದು 100 ಚೀಲ ಎನ್ನೋಣ. ಅ, ಆ, ಇ ಊರುಗಳಿಗೆ ಬೇಕಾದುದು ಕ್ರಮವಾಗಿ 60, 50, 40 ಚೀಲಗಳು. ಅ–ಆ ಕೂಡಿದರೆ 110 ಆಗುವುದರಿಂದ ಆ ಜೋಡಿಯನ್ನು ಬಿಡಬೇಕು. ಮುಂದಿನದಾದ ಅ–ಇ ಸರಿಯಾಗಿ 100. ಅವನ್ನು ಕೂಡಿಸಿ, ಆ ಊರಿಗೆ ಬೇರೆ ಸುತ್ತು ಹಾಕಿದರೆ ಒಟ್ಟು ದೂರ 129 ಕಿಲೋಮೀಟರ್. ಈ ವಿಧಾನವು ಯಾವಾಗಲೂ ಅತ್ಯುತ್ತಮ ಹಾದಿಯನ್ನೇ ಕೊಡುವುದೆಂಬ ಖಾತರಿಯಿಲ್ಲ. ಒಳ್ಳೆಯ ಹಾದಿಯನ್ನು ಬೇಗನೆ ಕೊಡುತ್ತದೆ. ಇಂದಿನ ಸಾಗಣೆ ತಂತ್ರಾಂಶಗಳು ಇಂಥ ವಿಧಾನಗಳನ್ನೇ ಬೆಳೆಸಿಕೊಂಡಿವೆ.

ಇದು ಕೇವಲ ಕಾಗದದ ಲೆಕ್ಕವಲ್ಲ. 2024ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವು ಪಡಿತರ ಧಾನ್ಯದ ಸಾಗಣೆಗಾಗಿ ‘ಅನ್ನ ಚಕ್ರ’ವೆಂಬ ವ್ಯವಸ್ಥೆಯನ್ನು ಆರಂಭಿಸಿತು. ವಿಶ್ವ ಆಹಾರ ಕಾರ್ಯಕ್ರಮ ಮತ್ತು ದೆಹಲಿಯ ಐಐಟಿಯ ಸಂಸ್ಥೆಯೊಂದು ಇದರಲ್ಲಿ ಕೈಜೋಡಿಸಿದವು. 30 ರಾಜ್ಯಗಳಲ್ಲಿ ಹಾದಿಗಳನ್ನು ಸರಿಪಡಿಸಿದರೆ ವರ್ಷಕ್ಕೆ ಸುಮಾರು 250 ಕೋಟಿ ರೂಪಾಯಿ ಉಳಿಯುವುದೆಂದು ಆಗ ಅಂದಾಜು ಮಾಡಲಾಯಿತು.

ಇಷ್ಟಾದರೂ ಯಂತ್ರವು ತನಗೆ ತಿಳಿಸಿದುದನ್ನು ಮಾತ್ರ ಬಲ್ಲದು. ಕೃಷ್ಣೆಯ ಎರಡು ದಡಗಳ ಊರುಗಳು ನಕ್ಷೆಯಲ್ಲಿ ಒಂದು ಬೆರಳಿನಷ್ಟೇ ದೂರ. ಆದರೆ ಲಾರಿ ಸೇತುವೆಯನ್ನು ಬಳಸಿಯೇ ಬರಬೇಕು. ಆದುದರಿಂದ ತಂತ್ರಾಂಶಕ್ಕೆ ಕೊಡಬೇಕಾದುದು ನೇರ ಗೆರೆಯ ದೂರವಲ್ಲ, ರಸ್ತೆಯ ದೂರ. ನಾರಾಯಣಪುರದ ಬಸವಸಾಗರದಿಂದ ಹೆಚ್ಚು ನೀರು ಬಿಟ್ಟಾಗ ನದಿಯ ನಡುವಣ ನೀಲಕಂಠರಾಯನಗಡ್ಡಿಯ ಸಂಪರ್ಕವು ಹಲವು ಮಳೆಗಾಲಗಳಲ್ಲಿ ಕಡಿದುಹೋಗಿದೆ. ಬೇಸಗೆಯಲ್ಲಿ ನಿಜವಾದ ಹಾದಿ ಶ್ರಾವಣದಲ್ಲಿ ಸುಳ್ಳಾಗಬಹುದು. ಮುಚ್ಚಿದ ಹಾದಿಯನ್ನು ಪಟ್ಟಿಯಿಂದ ತೆಗೆಯುವುದು, ಹೊಳೆ ಏರುವ ಮುನ್ನವೇ ಧಾನ್ಯ ತಲುಪುವಂತೆ ದಿನವನ್ನು ಗೊತ್ತುಮಾಡುವುದು ಮನುಷ್ಯನ ಹೊಣೆ. ಆ ಹೊಣೆಯಲ್ಲಿ ತಪ್ಪಿದರೆ ಲೆಕ್ಕವೆಲ್ಲ ಸರಿಯಿದ್ದೂ ಅಕ್ಕಿ ಮಾತ್ರ ದಡದಲ್ಲೇ ಉಳಿದೀತು.