ಕಡತದ ಹೆಸರಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರ: ಸರ್ವರ್ ಬಳಸುವ ಘಟಕಗಳಿಗೆ ಕೆಲವು ಸೂಚನೆಗಳು

ಬೇಗೂರು, ಹೊಂಗಸಂದ್ರ, ಬೊಮ್ಮನಹಳ್ಳಿ ಭಾಗದ ಸಿದ್ಧ ಉಡುಪು ಘಟಕವಿರಲಿ, ಯಂತ್ರಭಾಗ ತಯಾರಿಸುವ ಸಣ್ಣ ಕಾರ್ಖಾನೆಯಿರಲಿ, ನಕ್ಷೆ, ಬಿಲ್ಲು, ದರಪಟ್ಟಿಗಳನ್ನು ಒಂದೇ ಸರ್ವರ್‌ನಲ್ಲಿಟ್ಟು ಎಲ್ಲರೂ ಬಳಸುವುದು ಅನುಕೂಲಕರ. ಪರವಾನಗಿ ಶುಲ್ಕ ಉಳಿಸಲು ಸರ್ವರ್‌ಗೆ ಲಿನಕ್ಸ್ ಅಳವಡಿಸಿ, ಕಚೇರಿಯ ಗಣಕಯಂತ್ರಗಳಲ್ಲಿ ವಿಂಡೋಸ್ ಉಳಿಸಿಕೊಳ್ಳುವವರುಂಟು. ಇವೆರಡನ್ನು ಬೆಸೆಯುವುದು ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಡ್ಜೆಲ್ ಅವರು 1992ರಲ್ಲಿ ಮೊದಲು ಬಿಡುಗಡೆ ಮಾಡಿದ, ಇಂದು 'ಸಾಂಬಾ' ಎಂದು ಹೆಸರಾಗಿರುವ ಉಚಿತ ತಂತ್ರಾಂಶ.

ಇಂಗ್ಲಿಷಿನ ದೊಡ್ಡಕ್ಷರ ಮತ್ತು ಸಣ್ಣಕ್ಷರಗಳನ್ನು ಲಿನಕ್ಸ್ ಬೇರೆ ಬೇರೆಯೆಂದು ಎಣಿಸುತ್ತದೆ. ವಿಂಡೋಸ್ ಹೆಸರನ್ನು ಬರೆದಂತೆಯೇ ಉಳಿಸಿಕೊಂಡರೂ ಹುಡುಕುವಾಗ ಸಾಮಾನ್ಯವಾಗಿ ಆ ಭೇದವನ್ನು ಗಣಿಸುವುದಿಲ್ಲ. 'ಡ್ರಾಯಿಂಗ್' ಎಂಬ ಇಂಗ್ಲಿಷ್ ಹೆಸರಿನ ಕಡತವೊಂದು ಸರ್ವರ್‌ನಲ್ಲಿದೆ ಎನ್ನೋಣ. ಲಿನಕ್ಸ್ ಯಂತ್ರದಲ್ಲೇ ಕುಳಿತು ಕೆಲಸ ಮಾಡುವವರು ಮೊದಲಕ್ಷರವನ್ನು ದೊಡ್ಡದಾಗಿಸಿ ತಿದ್ದಿದ ಪ್ರತಿಯನ್ನು ಉಳಿಸಿದರೆ ಅಲ್ಲಿ ಎರಡು ಕಡತಗಳಾಗುತ್ತವೆ. ವಿಂಡೋಸ್ ಬಳಸುವವರು ಒಂದನ್ನು ತೆರೆಯಹೋದರೆ ಇನ್ನೊಂದು ತೆರೆದುಕೊಳ್ಳಬಹುದು. ಹಳೆಯ ಅಳತೆಯಲ್ಲೇ ಮಾಲು ತಯಾರಾಗಬಹುದು. ಆ ಫೋಲ್ಡರನ್ನು ವಿಂಡೋಸ್ ಡಿಸ್ಕಿಗೆ ನಕಲು ಮಾಡುವಾಗ ಒಂದರ ಮೇಲೆ ಇನ್ನೊಂದು ಕುಳಿತು, ಒಂದು ಪ್ರತಿ ಅಳಿಸಿಹೋಗುವ ಅಪಾಯವೂ ಇದೆ.

ಸಾಂಬಾದಲ್ಲಿ ಇದಕ್ಕೆ ಸಂಬಂಧಿಸಿದ ಮೂರು ಮುಖ್ಯ ಆಯ್ಕೆಗಳಿವೆ. 'ಕೇಸ್ ಸೆನ್ಸಿಟಿವ್' ಎಂಬುದು ಭೇದವನ್ನು ಗಣಿಸಬೇಕೇ ಎಂಬುದನ್ನೂ, 'ಪ್ರಿಸರ್ವ್ ಕೇಸ್' ಎಂಬುದು ಹೆಸರನ್ನು ಬರೆದಂತೆಯೇ ಉಳಿಸಬೇಕೇ ಎಂಬುದನ್ನೂ, 'ಡೀಫಾಲ್ಟ್ ಕೇಸ್' ಎಂಬುದು ಹಾಗೆ ಉಳಿಸದಿದ್ದಲ್ಲಿ ಯಾವ ಅಕ್ಷರಕ್ಕೆ ಬದಲಿಸಬೇಕೆಂಬುದನ್ನೂ ನಿರ್ಧರಿಸುತ್ತವೆ. ಭೇದ ಗಣಿಸದಿದ್ದಾಗ, ಕೇಳಿದ ಹೆಸರು ಯಥಾವತ್ತಾಗಿ ಸಿಗದಿದ್ದರೆ ಸಾಂಬಾ ಇಡೀ ಫೋಲ್ಡರನ್ನು ಶೋಧಿಸಬೇಕಾಗುತ್ತದೆ. ಸಾವಿರಾರು ಬಿಲ್ಲುಗಳು ಒಂದೇ ಫೋಲ್ಡರಿನಲ್ಲಿದ್ದರೆ ಕೆಲಸ ನಿಧಾನವಾಗಲು ಇದೂ ಒಂದು ಕಾರಣ. ಎಲ್ಲವನ್ನೂ ಸಣ್ಣಕ್ಷರಕ್ಕೆ ಬದಲಿಸುವ ಆಯ್ಕೆಗಳಿಂದ ವೇಗ ಹೆಚ್ಚುತ್ತದೆ. ಆದರೆ ಮೊದಲೇ ಇರುವ ಕಡತಗಳ ಹೆಸರನ್ನು ಸಣ್ಣಕ್ಷರಕ್ಕೆ ತಿದ್ದಿದ ಬಳಿಕವೇ ಹಾಗೆ ಮಾಡಬೇಕು. ಇಲ್ಲವಾದರೆ ದೊಡ್ಡಕ್ಷರವಿರುವ ಹಳೆಯ ಕಡತಗಳು ತೆರೆಯುವುದಿಲ್ಲ.

ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರಗಳ ಭೇದವಿಲ್ಲ. ಹಾಗೆಂದು ಕನ್ನಡದ ಹೆಸರುಗಳು ಪೂರ್ಣ ನಿರಾತಂಕವಲ್ಲ. ಯೂನಿಕೋಡ್‌ನಲ್ಲಿ 'ಕೋ' ಅಕ್ಷರದ ಓತ್ವವನ್ನು ಒಂದೇ ಸಂಕೇತವಾಗಿಯೂ, ಮೂರು ಬಿಡಿ ಸಂಕೇತಗಳಾಗಿಯೂ ಬರೆಯಬಹುದು. ಆಪಲ್ ಸಂಸ್ಥೆ 2017ರಲ್ಲಿ ಹೊಸ ಕಡತ ವ್ಯವಸ್ಥೆಗೆ ಬದಲಾಗುವ ಮುನ್ನ ಅದರ ಮ್ಯಾಕ್ ಗಣಕಗಳು ಹೆಸರನ್ನು ಬಿಡಿಸಿಯೇ ಉಳಿಸುತ್ತಿದ್ದವು. ಕಣ್ಣಿಗೆ ಒಂದೇ ಆಗಿ ಕಾಣುವ ಈ ಎರಡು ರೂಪಗಳು ಲಿನಕ್ಸ್‌ಗೆ ಸಾಮಾನ್ಯವಾಗಿ ಎರಡು ಹೆಸರುಗಳೇ.

ಆದ್ದರಿಂದ ಸದಸ್ಯರು ಈ ಕ್ರಮಗಳನ್ನು ಅನುಸರಿಸುವುದು ಒಳಿತು:

1. ಇಂಗ್ಲಿಷ್ ಹೆಸರುಗಳೆಲ್ಲ ಸಣ್ಣಕ್ಷರದಲ್ಲೇ ಇರಬೇಕೆಂಬ ಲಿಖಿತ ನಿಯಮ ಮಾಡಿ, ಎಲ್ಲ ಸಿಬ್ಬಂದಿಗೂ ತಿಳಿಸುವುದು.
2. ತಿದ್ದಿದ ನಕ್ಷೆಗೆ ಅಕ್ಷರ ಬದಲಿಸದೆ, ಹೆಸರಿನ ಕೊನೆಯಲ್ಲಿ ದಿನಾಂಕ ಅಥವಾ ಪರಿಷ್ಕರಣ ಸಂಖ್ಯೆ ಸೇರಿಸುವುದು.
3. ಸರ್ವರ್ ಬದಲಿಸುವ ಮುನ್ನ, ಅಕ್ಷರಭೇದವೊಂದನ್ನು ಬಿಟ್ಟರೆ ಒಂದೇ ಆಗಿರುವ ಹೆಸರುಗಳ ಪಟ್ಟಿಯನ್ನು ತಂತ್ರಜ್ಞರಿಂದ ಪಡೆದು ಸರಿಪಡಿಸುವುದು.