ಗಾಲಿಯೊಳಗಿನ ಗಾಳಿ

ಕನ್ನಡದಲ್ಲಿ ಗಾಲಿಗೂ ಗಾಳಿಗೂ ಇರುವ ಅಂತರ ಒಂದೇ ಅಕ್ಷರದ್ದು. ಎತ್ತಿನ ಬಂಡಿಯ ಕಾಲದಲ್ಲಿ ಈ ಎರಡು ಪದಗಳಿಗೆ ಧ್ವನಿಸಾಮ್ಯದ ಹೊರತು ಬೇರೆ ನಂಟಿರಲಿಲ್ಲ. ಬಡಗಿ ಜೋಡಿಸಿದ ಮರದ ಗಾಲಿಗೆ ಕಮ್ಮಾರ ಕಾದ ಕಬ್ಬಿಣದ ಪಟ್ಟಿಯನ್ನು ತೊಡಿಸಿ ನೀರು ಹೊಯ್ದರೆ ಮುಗಿಯಿತು. ಪಟ್ಟಿ ಬಿಗಿದುಕೊಂಡು ಹಲವಾರು ವರ್ಷ ಕಲ್ಲುಮುಳ್ಳುಗಳ ಮೇಲೆ ಉರುಳುತ್ತಿತ್ತು. ಮೋಟಾರು ಬಂದಮೇಲೆ ಆ ಎರಡು ಪದಗಳಿಗೆ ರಕ್ತಸಂಬಂಧವೇ ಏರ್ಪಟ್ಟಿತು. ಇಂದು ನಮ್ಮ ಕಾರನ್ನು ಹೊತ್ತು ನಿಂತಿರುವುದು ರಬ್ಬರು ಎಂದು ನಾವು ತಿಳಿದಿದ್ದೇವೆ. ಭಾರದ ಬಹುಪಾಲನ್ನು ಹೊರುವುದು ಆ ರಬ್ಬರಿನೊಳಗೆ ಬಿಗಿದಿಟ್ಟ ಗಾಳಿ. ರಬ್ಬರು ಅದರ ಪಾತ್ರೆ ಮಾತ್ರ.

ಬೇಕಾದರೆ ವಾಚಕರೇ ಲೆಕ್ಕ ಹಾಕಿ ನೋಡಬಹುದು. ನಾಲ್ಕು ಜನ ಕುಳಿತ ಒಂದು ಸಣ್ಣ ಕಾರಿನ ತೂಕ ಸುಮಾರು 1,200 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಒಂದೊಂದು ಗಾಲಿಯ ಪಾಲಿಗೆ 300. ಟೈರಿನಲ್ಲಿ ಚದರ ಅಂಗುಲಕ್ಕೆ 30 ಪೌಂಡಿನ ಒತ್ತಡವಿದ್ದರೆ ಅದು ಚದರ ಸೆಂಟಿಮೀಟರಿಗೆ ಎರಡು ಕಿಲೋಗ್ರಾಮಿಗಿಂತ ತುಸು ಹೆಚ್ಚು. ಭಾಗಿಸಿದರೆ, ಒಂದು ಟೈರು ನೆಲವನ್ನು ಮುಟ್ಟುವ ಜಾಗ ಸುಮಾರು 140 ಚದರ ಸೆಂಟಿಮೀಟರು. ಎಂದರೆ ದೊಡ್ಡವರ ಒಂದು ಅಂಗೈಯಷ್ಟು. ಇಂಥ ನಾಲ್ಕು ಅಂಗೈಗಳ ಮೇಲೆ ಇಡೀ ಸಂಸಾರ ಗಂಟೆಗೆ ನೂರು ಕಿಲೋಮೀಟರಿನ ವೇಗದಲ್ಲಿ ಸಾಗುತ್ತದೆ. ಬ್ರೇಕು ಒತ್ತಿದಾಗ ಹಿಡಿಯಬೇಕಾದ್ದು ಈ ಅಂಗೈಗಳು; ತಿರುವಿನಲ್ಲಿ ಕಾರನ್ನು ರಸ್ತೆಗೆ ಕಟ್ಟಿಹಾಕಬೇಕಾದ್ದೂ ಇವೇ. ಎಂಜಿನ್ನಿನ ಶಕ್ತಿಯಾಗಲಿ, ಹೊಸ ಮಾದರಿಯ ಬ್ರೇಕುಗಳ ಜಾಣತನವಾಗಲಿ, ಕೊನೆಗೆ ಈ ಅಂಗೈಯಗಲದ ಮೂಲಕವೇ ನೆಲಕ್ಕೆ ಇಳಿಯಬೇಕು. ಇಷ್ಟಾದರೂ ಕಾರಿನ ಬಣ್ಣದ ಮೇಲೆ ಬಿದ್ದ ಗೀರನ್ನು ಕಂಡು ಮರುಗುವ ನಮ್ಮ ಜನ, ಬಾಗಿ ಟೈರನ್ನು ನೋಡುವುದು ಅಪರೂಪ.

ರಬ್ಬರಿನ ಚೀಲದಲ್ಲಿ ಗಾಳಿ ತುಂಬಿ ಗಾಲಿಗೆ ಸುತ್ತುವ ಯೋಚನೆ ಮೋಟಾರುಗಾಡಿಗಿಂತ ಹಳೆಯದು. ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲೇ ಅದಕ್ಕೆ ಪೇಟೆಂಟು ಪಡೆದು, ಲಂಡನ್ನಿನ ಉದ್ಯಾನದಲ್ಲಿ ಕುದುರೆಗಾಡಿಗೆ ಕಟ್ಟಿ ಓಡಿಸಿಯೂ ತೋರಿಸಿದ. ಜನ ನೋಡಿ ಮರೆತರು. ನಲವತ್ತು ವರ್ಷಗಳ ಮೇಲೆ, 1887ರಲ್ಲಿ, ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗೆ ಅದನ್ನೇ ಮತ್ತೊಮ್ಮೆ ಕಂಡುಹಿಡಿದ. ಥಾಮ್ಸನ್ನನ ಹಳೆಯ ಪೇಟೆಂಟು ಬೆಳಕಿಗೆ ಬಂದು ಡನ್‌ಲಪ್ಪನ ಹಕ್ಕು ಬಿದ್ದುಹೋಯಿತು. ಹೆಸರು ಮಾತ್ರ ಅವನದೇ ಉಳಿಯಿತು. ರಬ್ಬರಿನ ಮರವಂತೂ ಬ್ರೆಜಿಲಿನಿಂದ ಹೊರಟು ಅರ್ಧ ಲೋಕವನ್ನು ಸುತ್ತಿ ನಮ್ಮ ಸುಳ್ಯ, ಪುತ್ತೂರುಗಳ ಗುಡ್ಡಗಳನ್ನೂ ಏರಿದೆ. ಅಲ್ಲಿನ ಸರ್ಕಾರಿ ರಬ್ಬರು ತೋಟಗಳಲ್ಲಿ ನಸುಕಿನಲ್ಲೆದ್ದು ಹಾಲು ಇಳಿಸುವವರಲ್ಲಿ ಅನೇಕರು, 1964ರ ಭಾರತ–ಸಿಂಹಳ ಒಪ್ಪಂದದ ಬಳಿಕ ಕಡಲು ದಾಟಿ ಬಂದ ತಮಿಳು ಮನೆತನಗಳವರು. ಟೈರಿನ ಕಥೆಯಲ್ಲಿ ಇದೊಂದು ದೊಡ್ಡ ಅಧ್ಯಾಯ. ಇಲ್ಲಿ ಅದಕ್ಕೆ ಎಡೆಯಿಲ್ಲ.

ನಮ್ಮಲ್ಲಿ ಟೈರಿಗೆ ಬರುವ ಮೊದಲ ಪರೀಕ್ಷೆ ಬೇಸಗೆ. ಈ ಕಾಲದ ಬಗೆಗೆ ಒಂದು ನಂಬಿಕೆ ಊರೂರಲ್ಲಿ ಬೇರುಬಿಟ್ಟಿದೆ: ಬಿಸಿಲಿಗೆ ಗಾಳಿ ಹಿಗ್ಗುತ್ತದೆ, ಹಿಗ್ಗಿದರೆ ಟೈರು ಸಿಡಿಯುತ್ತದೆ, ಆದ್ದರಿಂದ ಬೇಸಗೆಯಲ್ಲಿ ಗಾಳಿಯನ್ನು ಕಡಮೆ ಇಡಬೇಕು. ಕೇಳುವುದಕ್ಕೆ ಸಯುಕ್ತಿಕವಾಗಿದೆ. ಮೊದಲ ಮಾತು ನಿಜ ಕೂಡ. ಆದರೆ ಕೊನೆಯ ತೀರ್ಮಾನ ಪ್ರಾಣಾಂತಿಕ.

ಉಷ್ಣತೆ ಆರೇಳು ಡಿಗ್ರಿ ಸೆಂಟಿಗ್ರೇಡ್ ಏರಿದರೆ ಕಾರಿನ ಟೈರಿನಲ್ಲಿ ಒತ್ತಡ ಸುಮಾರು ಒಂದು ಪೌಂಡು ಏರುತ್ತದೆ. ಬೆಂಗಳೂರಿನ ಮುಂಜಾನೆಯ 20 ಡಿಗ್ರಿಯಲ್ಲಿ 30 ಪೌಂಡು ಗಾಳಿ ತುಂಬಿಕೊಂಡು ಹೊರಟವನು ರಾಯಚೂರಿನ 42 ಡಿಗ್ರಿಯ ಮಧ್ಯಾಹ್ನವನ್ನು ತಲುಪಿದರೆ, ಹವೆಯ ಕಾವಿನಿಂದ ಹೆಚ್ಚುವುದು ಮೂರೂವರೆ ಪೌಂಡಿನಷ್ಟು. ಓಟದ ಕಾವಿನಿಂದ ಇನ್ನೂ ಕೆಲವು ಪೌಂಡು ಕೂಡಬಹುದು. ಟೈರು ತಯಾರಿಸುವವರು ಈ ಏರಿಕೆಯನ್ನು ಮೊದಲೇ ಲೆಕ್ಕಕ್ಕೆ ಹಿಡಿದಿರುತ್ತಾರೆ. ಸುಸ್ಥಿತಿಯ ಟೈರು ಇಷ್ಟಕ್ಕೆ ಒಡೆಯುವುದಿಲ್ಲ. ಅಪಾಯವಿರುವುದು ಎದುರು ದಿಕ್ಕಿನಲ್ಲಿ. ಗಾಳಿ ಕಡಮೆಯಾದ ಟೈರು ನೆಲ ಮುಟ್ಟುವಲ್ಲಿ ಚಪ್ಪಟೆಯಾಗುತ್ತದೆ, ಅದರ ಪಕ್ಕಗಳು ಮಡಿಯುತ್ತವೆ, ಮೇಲೆ ಹೋದಾಗ ಮತ್ತೆ ನೆಟ್ಟಗಾಗುತ್ತವೆ. ಸಾಮಾನ್ಯ ಕಾರಿನ ಗಾಲಿ ಒಂದು ಸುತ್ತಿಗೆ ಎರಡು ಮೀಟರಿನಷ್ಟು ಸಾಗುತ್ತದೆ. ಎಂಬತ್ತು ಕಿಲೋಮೀಟರಿನ ವೇಗದಲ್ಲಿ ಸೆಕೆಂಡಿಗೆ ಹನ್ನೊಂದು ಸಲ ಸುತ್ತುತ್ತದೆ. ತಂತಿಯ ತುಂಡೊಂದನ್ನು ಬೆರಳುಗಳಲ್ಲಿ ಹಿಡಿದು ಅತ್ತಿತ್ತ ಬಾಗಿಸಿದವರಿಗೆ ಮುಂದಿನದನ್ನು ವಿವರಿಸಬೇಕಾದ್ದಿಲ್ಲ. ಮಡಿಕೆ ಕಾಯುತ್ತದೆ, ಒಳಗಿನ ನೂಲುಪದರಗಳಿಗೂ ರಬ್ಬರಿಗೂ ಇರುವ ಬೆಸುಗೆ ಸಡಿಲುತ್ತದೆ, ಕೆಳಗೆ ಮುಟ್ಟಿದರೆ ಸುಡುವ ರಸ್ತೆ. ಹೀಗೆ ಒಳಗಿನಿಂದ ಬೆಂದ ಟೈರು ಒಂದು ಗಳಿಗೆಯಲ್ಲಿ ಹರಿದುಹೋಗುತ್ತದೆ. ಕಂಡವರು ‘ಬಿಸಿಲಿಗೆ ಗಾಳಿ ಹೆಚ್ಚಾಗಿ ಸಿಡಿಯಿತು’ ಎನ್ನುತ್ತಾರೆ. ಮುಂದಿನ ಪ್ರಯಾಣಕ್ಕೆ ಇನ್ನೂ ನಾಲ್ಕು ಪೌಂಡು ಇಳಿಸುತ್ತಾರೆ.

ಉದ್ದುದ್ದ ನೇರವಾಗಿ ಚಾಚಿದ ಹೊಸ ಹೆದ್ದಾರಿಗಳಲ್ಲಿ ಈ ತಪ್ಪಿಗೆ ದಂಡ ಹೆಚ್ಚು. ನಾಗಪುರದಿಂದ ಮುಂಬಯಿಯ ಕಡೆಗೆ ಸಾಗುವ ಸಮೃದ್ಧಿ ಹೆದ್ದಾರಿಯ ಮೊದಲ ಭಾಗ 2022ರ ಡಿಸೆಂಬರಿನಲ್ಲಿ ಸಂಚಾರಕ್ಕೆ ತೆರೆದ ಮೇಲೆ ಟೈರು ಸಿಡಿದ ಅಪಘಾತಗಳ ಸುದ್ದಿ ಮೇಲಿಂದ ಮೇಲೆ ಬಂದು, ಮರುವರ್ಷ ಅಲ್ಲಿನ ಸಾರಿಗೆ ಅಧಿಕಾರಿಗಳು ಟೈರುಗಳನ್ನು ಪರೀಕ್ಷಿಸಿ, ಸವೆದವುಗಳನ್ನು ತೊಟ್ಟ ವಾಹನಗಳನ್ನು ತಡೆಯತೊಡಗಿದರು. ಊರೊಳಗೆ ನಲವತ್ತರ ವೇಗದಲ್ಲಿ ಹೇಗೋ ಬದುಕಿಕೊಂಡಿದ್ದ ಟೈರು, ಎರಡು ಗಂಟೆ ಎಡೆಬಿಡದೆ ನೂರರ ವೇಗದಲ್ಲಿ ಓಡಿದಾಗ ತನ್ನ ನಿಜಸ್ಥಿತಿಯನ್ನು ಹೊರಗೆಡಹುತ್ತದೆ.

ಹಾಗಾದರೆ ಎಷ್ಟು ಗಾಳಿ? ಬಂಕಿನ ಹುಡುಗನಿಗೆ ‘ಮೂವತ್ತು ಹಾಕಪ್ಪ’ ಎನ್ನುವುದು ನಮ್ಮ ವಾಡಿಕೆ. ಉತ್ತರವಿರುವುದು ಕಾರಿನಲ್ಲೇ, ಸಾಮಾನ್ಯವಾಗಿ ಚಾಲಕನ ಬಾಗಿಲು ತೆರೆದರೆ ಚೌಕಟ್ಟಿನ ಮೇಲೆ ಅಂಟಿಸಿದ ಚೀಟಿಯಲ್ಲಿ, ಇಬ್ಬರಿದ್ದಾಗ ಎಷ್ಟು, ತುಂಬಿದ ಗಾಡಿಗೆ ಎಷ್ಟು ಎಂದು ಬರೆದಿರುತ್ತದೆ. ಟೈರಿನ ಪಕ್ಕದಲ್ಲೇ ಅಚ್ಚಾಗಿರುವ ಒತ್ತಡದ ಅಂಕಿ ಆ ಟೈರು ತಾಳಬಲ್ಲ ಗರಿಷ್ಠ ಮಿತಿ. ಅದನ್ನು ನೋಡಿ ಗಾಳಿ ತುಂಬಿಸಬಾರದು. ಅಳೆಯಬೇಕಾದ್ದು ಟೈರು ತಣ್ಣಗಿರುವಾಗ, ಅಂದರೆ ಬೆಳಗ್ಗೆ ಹೊರಡುವ ಮುನ್ನ ಅಥವಾ ಒಂದೆರಡು ಕಿಲೋಮೀಟರಿನೊಳಗೆ. ದಾರಿಯ ನಡುವೆ ಬಿಸಿಯಾದ ಟೈರನ್ನು ಅಳೆದು ‘ಹೆಚ್ಚಾಗಿದೆ’ ಎಂದು ಗಾಳಿ ಬಿಡುವುದು, ಜ್ವರ ಬಂದವನ ಮೈಬಿಸಿ ಇಳಿಸಲು ರಕ್ತ ಬಸಿದಂತೆ. ಇನ್ನೊಂದು ಸ್ವಾರಸ್ಯವಿದೆ. ಸಮುದ್ರಮಟ್ಟದಿಂದ ಒಂಬತ್ತುನೂರು ಮೀಟರಿಗೂ ಮೇಲಿರುವ ಬೆಂಗಳೂರಿನಿಂದ ಮಂಗಳೂರಿಗೆ ಇಳಿದರೆ, ಹೊರಗಿನ ವಾಯುಭಾರ ಹೆಚ್ಚುವುದರಿಂದ ಮಾಪಕ ಸುಮಾರು ಒಂದೂವರೆ ಪೌಂಡು ಕಡಮೆ ತೋರಿಸುತ್ತದೆ. ಟೈರಿನೊಳಗಿಂದ ಒಂದು ಗುಟುಕು ಗಾಳಿಯೂ ಸೋರಿರುವುದಿಲ್ಲ! ಕರಾವಳಿಯ ಸೆಕೆ ಆ ಕೊರತೆಯನ್ನು ಒಂದಿಷ್ಟು ತುಂಬಿಕೊಡುವುದೂ ಉಂಟು. ಇತ್ತೀಚೆಗೆ ಹಣ ತೆತ್ತು ನೈಟ್ರೋಜನ್ ತುಂಬಿಸುವ ಹವ್ಯಾಸವೂ ಬೆಳೆದಿದೆ. ಕೆಡುಕೇನೂ ಇಲ್ಲ. ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್ ಇದೆಯೆಂಬುದನ್ನು ನೆನಪಿಟ್ಟರೆ ಸಾಕು. ಅದನ್ನು ತುಂಬಿಸಿದ ಧೈರ್ಯದಲ್ಲಿ ಆರು ತಿಂಗಳು ಅಳೆಯದೆ ಬಿಟ್ಟವನಿಗಿಂತ, ಹದಿನೈದು ದಿನಕ್ಕೊಮ್ಮೆ ಬರಿಯ ಗಾಳಿ ನೋಡಿಸುವವನೇ ಕ್ಷೇಮವಾಗಿರುತ್ತಾನೆ.

ಬೇಸಗೆ ಕಳೆದು ಮಳೆ ಬರುತ್ತದೆ. ಒಣಗಿದ ರಸ್ತೆಯ ಮೇಲೆ ಟೈರಿಗೆ ಗೀರುಗಳ ಅಗತ್ಯವೇ ಇಲ್ಲವೆಂದರೆ ಕೆಲವರಿಗೆ ಸೋಜಿಗವಾದೀತು. ಓಟದ ಪಂದ್ಯದ ಕಾರುಗಳು ಒಣಹವೆಯಲ್ಲಿ ನುಣುಪಾದ ಟೈರುಗಳನ್ನೇ ತೊಡುತ್ತವೆ. ನಮ್ಮ ಟೈರಿನ ಮೈಮೇಲಿನ ತೋಡುಗಳೆಲ್ಲ ನೀರಿಗಾಗಿ ತೋಡಿದ ಕಾಲುವೆಗಳು. ಅಂಗೈಯಗಲದ ಆ ಜಾಗದಿಂದ ನೀರನ್ನು ಹಿಂಡಿ ಹೊರಗೆ ದೂಡಿ, ರಬ್ಬರಿಗೂ ಡಾಂಬರಿಗೂ ಮುಖಾಮುಖಿ ಮಾಡಿಸುವುದು ಅವುಗಳ ಕೆಲಸ. ಹೊಸ ಟೈರಿನಲ್ಲಿ ಈ ಕಾಲುವೆಗಳ ಆಳ ಏಳೆಂಟು ಮಿಲಿಮೀಟರು. ಅದು 1.6 ಮಿಲಿಮೀಟರಿಗಿಂತ ಕಡಮೆಯಾಗಕೂಡದೆಂದು ಮೋಟಾರು ವಾಹನಗಳ 1989ರ ಕೇಂದ್ರ ನಿಯಮಗಳು ವಿಧಿಸುತ್ತವೆ. ತೋಡುಗಳ ತಳದಲ್ಲಿ ಅಲ್ಲಲ್ಲಿ ಆ ಎತ್ತರದ ರಬ್ಬರಿನ ಅಡ್ಡಗಟ್ಟೆಗಳನ್ನು ಕಟ್ಟಿರುತ್ತಾರೆ. ಮೇಲ್ಮೈ ಸವೆದು ಗಟ್ಟೆಯ ಮಟ್ಟಕ್ಕೆ ಬಂದಿತೆಂದರೆ ಟೈರಿನ ಆಯುಸ್ಸು ತೀರಿತು. ಮಲೆನಾಡಿನವರೂ ಕರಾವಳಿಯವರೂ ಅಲ್ಲಿಯವರೆಗೆ ಕಾಯದೆ, ಮೂರು ಮಿಲಿಮೀಟರು ಉಳಿದಿರುವಾಗಲೇ, ಮೇ ತಿಂಗಳೊಳಗೆ ಬದಲಿಸುವುದು ಲೇಸೆಂದು ನನ್ನ ಅಭಿಪ್ರಾಯ. ಕಾನೂನು ದೇಶಕ್ಕೆಲ್ಲ ಒಂದೇ ಇರಬಹುದು, ಮಳೆ ಹಾಗಲ್ಲ.

ನೀರನ್ನು ಹೊರದೂಡಲು ಪುರಸೊತ್ತಿಲ್ಲದಷ್ಟು ವೇಗದಲ್ಲಿ ಹೋದರೆ ಟೈರು ನೀರಿನ ಹಾಳೆಯ ಮೇಲೇರಿ ತೇಲತೊಡಗುತ್ತದೆ. ಆಗ ಚುಕ್ಕಾಣಿ ತಿರುಗಿಸಿದರೂ ಕಾರು ತಿರುಗದು. ಬ್ರೇಕು ಒತ್ತಿದರೂ ನಿಲ್ಲದು. ಒದ್ದೆಯಾದ ವಿಮಾನನಿಲ್ದಾಣಗಳ ಓಟದ ಹಾದಿಯಲ್ಲಿ ಚಕ್ರಗಳು ಹೀಗೆ ತೇಲುವುದನ್ನು ಅಮೆರಿಕದ ನಾಸಾ ಸಂಸ್ಥೆಯ ವಾಲ್ಟರ್ ಹಾರ್ನ್ ಮತ್ತು ಸಂಗಡಿಗರು ಪರಿಶೀಲಿಸಿ 1963ರಲ್ಲಿ ವರದಿ ಪ್ರಕಟಿಸಿದರು. ಅವರು ಕಂಡುಕೊಂಡ ಸೂತ್ರದ ಪ್ರಕಾರ ತೇಲುವ ವೇಗ ಟೈರಿನ ಗಾಳಿಯೊತ್ತಡದ ವರ್ಗಮೂಲವನ್ನು ಅನುಸರಿಸುತ್ತದೆ. 30 ಪೌಂಡು ಇದ್ದರೆ ಗಂಟೆಗೆ ಸುಮಾರು 91 ಕಿಲೋಮೀಟರು. 20ಕ್ಕೆ ಇಳಿದರೆ ಸುಮಾರು 75. ಸೂತ್ರ ಹುಟ್ಟಿದ್ದು ವಿಮಾನದ ಗಾಲಿಗಳಿಗಾಗಿ. ಸವೆದ ಟೈರಿನ ಕಾರು ಇನ್ನೂ ಕಡಮೆ ವೇಗದಲ್ಲೇ ತೇಲಬಹುದು. ಆದರೂ ದಿಕ್ಕು ಸ್ಪಷ್ಟವಾಗಿದೆ: ಬೇಸಗೆಯಲ್ಲಿ ಇಳಿಸಿದ ಗಾಳಿಯನ್ನು ಹಾಗೆಯೇ ಬಿಟ್ಟು ಮಳೆಗಾಲಕ್ಕೆ ಕಾಲಿಟ್ಟವನು ಎರಡು ಕಡೆಯೂ ಸೋತಂತಾಯಿತು.

ತೇಲುವಷ್ಟು ನೀರು ಬೇಕಾಗಿಲ್ಲ. ಬೇಸಗೆಯ ಕೊನೆಯ ಮೊದಲ ಮಳೆ ಸಾಕು. ತಿಂಗಳುಗಟ್ಟಲೆ ರಸ್ತೆಗೆ ಹತ್ತಿದ ಎಣ್ಣೆ, ಧೂಳು, ರಬ್ಬರಿನ ಪುಡಿ ನಾಲ್ಕು ಹನಿಗೆ ನೆನೆದು ಲೋಳೆಯಾಗುತ್ತದೆ. ಜಡಿಮಳೆ ಅದನ್ನು ತೊಳೆಯುವವರೆಗೆ ರಸ್ತೆ ನಂಬಿಕೆಗೆ ಅರ್ಹವಲ್ಲ. ಎಂಬತ್ತರ ವೇಗದ ಕಾರು ಒಳ್ಳೆಯ ಒಣರಸ್ತೆಯಲ್ಲಿ, ಬ್ರೇಕು ಒತ್ತಿದ ಮೇಲೆ, ಸುಮಾರು 36 ಮೀಟರಿನಲ್ಲಿ ನಿಲ್ಲುವುದಾದರೆ, ಹಿಡಿತ ಅರ್ಧಕ್ಕಿಳಿದ ರಸ್ತೆಯಲ್ಲಿ 72 ಮೀಟರು ಬೇಕು. ಹದಿನಾಲ್ಕು ತಿರುವುಗಳ ಆಗುಂಬೆ ಘಟ್ಟದಲ್ಲಿ ಕಣ್ಣೆದುರಿನ ನೇರ ರಸ್ತೆಯೇ ಅನೇಕ ಕಡೆ ಅಷ್ಟು ಉದ್ದವಿಲ್ಲ.

ಘಟ್ಟದ ಮಾತು ಬಂದದ್ದರಿಂದ ಇನ್ನೊಂದು ವಿಷಯ. ನಾಲ್ಕನ್ನೂ ಕೊಳ್ಳಲು ಕೈಯಲ್ಲಿ ಹಣವಿಲ್ಲದೆ ಎರಡೇ ಹೊಸ ಟೈರು ಕೊಂಡವರು ಅವನ್ನು ಮುಂದಕ್ಕೆ ಹಾಕಿಸುವುದೇ ರೂಢಿ. ಎಂಜಿನ್ನೂ ಚುಕ್ಕಾಣಿಯೂ ಮುಂದಿವೆಯಲ್ಲ ಎಂಬ ತರ್ಕ. ಟೈರು ತಯಾರಕರ ಸಲಹೆ ಇದಕ್ಕೆ ವಿರುದ್ಧವಾಗಿದೆ: ಹೊಸವು ಹಿಂದಕ್ಕೆ. ಮುಂದಿನ ಗಾಲಿಗಳು ಜಾರಿದರೆ ಚಾಲಕನಿಗೆ ಕೈಯಲ್ಲೇ ತಿಳಿಯುತ್ತದೆ. ವೇಗ ತಗ್ಗಿಸಿದರೆ ಹಿಡಿತ ಮರಳುವ ಸಂಭವವಿದೆ. ಹಿಂದಿನವು ಜಾರಿದರೆ ಕಾರು ಬುಗುರಿಯಂತೆ ತಿರುಗಿ ನಿಲ್ಲುತ್ತದೆ. ನುರಿತ ಕೈಗೂ ಅದನ್ನು ಸರಿಪಡಿಸುವುದು ಕಷ್ಟ. ಅಂಗಡಿಯವನು ಒಪ್ಪದಿದ್ದರೂ ಪಟ್ಟು ಹಿಡಿಯಬೇಕಾದ ಜಾಗ ಇದು.

ಟೈರು ಕೊಳ್ಳುವ ಜಾಣತನವೆಲ್ಲ ಅದರ ಪಕ್ಕದ ಬರಹವನ್ನು ಓದುವುದರಲ್ಲಿದೆ. 185/65 ಆರ್ 15 88 ಎಚ್ ಎಂದಿದ್ದರೆ, ಅಗಲ 185 ಮಿಲಿಮೀಟರು, ಪಕ್ಕದ ಎತ್ತರ ಆ ಅಗಲದ ನೂರಕ್ಕೆ 65, ಕಟ್ಟಡ ರೇಡಿಯಲ್ ಜಾತಿಯದು, ಕೂಡುವ ಗಾಲಿಯ ವ್ಯಾಸ 15 ಅಂಗುಲ. 88 ಎಂದರೆ 560 ಕಿಲೋಗ್ರಾಂ ಹೊರುವ ಶಕ್ತಿ, ಎಚ್ ಎಂದರೆ ಗಂಟೆಗೆ 210 ಕಿಲೋಮೀಟರಿನವರೆಗೆ ತಾಳುವ ಯೋಗ್ಯತೆ. ಕಾರು ತಯಾರಕರು ಹೇಳಿದ ಅಳತೆ ಬಿಟ್ಟು ಚೆಂದಕ್ಕಾಗಿ ಅಗಲದ ಟೈರು ತೊಡಿಸುವವರು, ನಿಂತ ನೀರಿನ ಮೇಲೆ ಅಗಲದ್ದು ಬೇಗ ತೇಲುತ್ತದೆಂಬುದನ್ನು ಅರಿತಿರಲಿ. ಇನ್ನೊಂದು ಮೂಲೆಯಲ್ಲಿ ನಾಲ್ಕಂಕಿಯ ಗುರುತಿರುತ್ತದೆ. 2324 ಎಂದಿದ್ದರೆ 2024ರ ಇಪ್ಪತ್ತಮೂರನೆಯ ವಾರದಲ್ಲಿ ಹುಟ್ಟಿದ ಟೈರು. ಓಡಲಿ ಓಡದಿರಲಿ ರಬ್ಬರಿಗೆ ಮುಪ್ಪು ಬರುತ್ತದೆ. ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ತಿಳಿದವರಿಗೆ ತೋರಿಸಬೇಕು. ಕೊಳ್ಳುವಾಗ ನಾವೆಲ್ಲ ಕೇಳುವ ಪ್ರಶ್ನೆ ‘ಎಷ್ಟು ಸಾವಿರ ಕಿಲೋಮೀಟರು ಬರುತ್ತದೆ?’ ಎಂಬುದೊಂದೇ. ಬಹಳ ಬಾಳುವ ರಬ್ಬರಿಗೂ ಒದ್ದೆಯಲ್ಲಿ ಚೆನ್ನಾಗಿ ಹಿಡಿಯುವ ರಬ್ಬರಿಗೂ ಬಹುಮಟ್ಟಿಗೆ ಎಣ್ಣೆ–ಸೀಗೆಕಾಯಿ. ಒದ್ದೆ ನೆಲದ ಹಿಡಿತ, ಉರುಳುವಾಗಿನ ಪ್ರತಿರೋಧ, ಸದ್ದು ಈ ಮೂರಕ್ಕೂ ಮಿತಿಗಳನ್ನು ವಿಧಿಸುವ ನಿಯಮವನ್ನು ಕೇಂದ್ರ ಸರ್ಕಾರ 2022ರಲ್ಲಿ ಪ್ರಕಟಿಸಿದ್ದು ಸ್ವಾಗತಾರ್ಹ.

ಹಿಮದ ನಾಡುಗಳ ಪಾಡೇ ಬೇರೆ. ಉಷ್ಣತೆ ಏಳು ಡಿಗ್ರಿಗಿಂತ ಕೆಳಗಿಳಿದರೆ ಬೇಸಗೆಯ ಟೈರಿನ ರಬ್ಬರು ಬಿರುಸಾಗುವುದರಿಂದ ಅಲ್ಲಿ ಚಳಿಗಾಲಕ್ಕೆ ಮೆತ್ತನೆಯ ರಬ್ಬರಿನ ಬೇರೊಂದು ಜೊತೆಯನ್ನೇ ಇಟ್ಟುಕೊಳ್ಳುತ್ತಾರೆ. ಕೆನಡದ ಕ್ವಿಬೆಕ್ ಪ್ರಾಂತದಲ್ಲಿ 2008ರಿಂದ ಅದು ಕಡ್ಡಾಯ. ಅಲ್ಲಿ ನೆಲಸಿದ ನಮ್ಮ ಹುಡುಗರು ಮಾಗಿಗೊಮ್ಮೆ ಗಾಲಿ ಬದಲಿಸುವುದನ್ನು ಕೇಳಿ ಇಲ್ಲಿಯ ಹಿರಿಯರು ನಕ್ಕಾರು. ನಮಗೆ ‘ಎಲ್ಲ ಋತು’ ಎಂದರೆ ಬಿಸಿಲು ಮತ್ತು ಮಳೆ, ಎರಡೇ. ಕಾವೇರಿದ ನೆಲಕ್ಕೆ ಆ ಮೆತ್ತನೆಯ ಟೈರು ಸಲ್ಲದು.

ಸವೆತಕ್ಕೂ ಒಂದು ಭಾಷೆಯಿದೆ. ನಡುಮಧ್ಯ ಸವೆದರೆ ಗಾಳಿ ಹೆಚ್ಚಾಗಿತ್ತೆಂದೂ, ಎರಡು ಅಂಚು ಸವೆದರೆ ಕಡಮೆಯಿತ್ತೆಂದೂ, ಒಂದೇ ಅಂಚು ಸವೆದರೆ ಗಾಲಿಗಳ ಅಲೈನ್‌ಮೆಂಟು ಕೆಟ್ಟಿದೆಯೆಂದೂ ಅರ್ಥ. ಪೂರ್ತಿ ಬೋಳಾದ ಟೈರಿಗೆ ಕಾಯಿಸಿದ ಕತ್ತಿಯಿಂದ ಹೊಸ ಗೀರು ಕೊರೆದು ಅರ್ಧ ಬೆಲೆಗೆ ಮಾರುವವರೂ ಇದ್ದಾರೆ. ಆ ಗೀರು ಒಳಪದರದವರೆಗೂ ಇಳಿದಿರಬಹುದು. ಅದನ್ನು ತೊಟ್ಟ ಟ್ಯಾಕ್ಸಿಯಲ್ಲಿ ಕೂರುವವರಿಗೆ ತಿಳಿಯುವ ಬಗೆಯಿಲ್ಲ.

ಇನ್ನು ಐದನೆಯ ಗಾಲಿ. ನಾವು ಅದನ್ನು ಸ್ಟೆಪ್ನಿ ಎನ್ನುತ್ತೇವೆ. ವೇಲ್ಸಿನ ಲನೆಲಿ ಎಂಬ ಊರಿನ ಸ್ಟೆಪ್ನಿ ಬೀದಿಯಲ್ಲಿ 1904ರಲ್ಲಿ ಡೇವಿಸ್ ಸಹೋದರರು ಮಾಡಿದ ಹೆಚ್ಚುವರಿ ಗಾಲಿಯ ಹೆಸರು ಅದು. ಬೀದಿಯ ಹೆಸರು ನಮ್ಮ ಪಂಚರ್ ಅಂಗಡಿಗಳಲ್ಲಿ ಇಂದಿಗೂ ಬದುಕಿದೆ. ಡಿಕ್ಕಿಯ ಕತ್ತಲಲ್ಲಿ, ಮದುವೆಯ ಸಾಮಾನು ತರಕಾರಿ ಚೀಲಗಳ ಕೆಳಗೆ, ಅದು ವರ್ಷಗಟ್ಟಲೆ ಮಲಗಿರುತ್ತದೆ. ಗೀರುಗಳು ಹೊಸದರಂತೆಯೇ ಇರುತ್ತವೆ. ಆದರೆ ಅದರ ನಾಲ್ಕಂಕಿಯ ಗುರುತನ್ನು ನೋಡಿದರೆ, ಬಹಳ ಕಾರುಗಳಲ್ಲಿ, ಅದು ಕಾರಿನಷ್ಟೇ ಹಳೆಯದು. ಒಳಗಿನ ಗಾಳಿಯೋ, ಕಾರು ಕೊಂಡ ದಿನ ಯಾರೋ ತುಂಬಿದ್ದರಲ್ಲಿ ಉಳಿದಷ್ಟು.