ಭಾರ ಎತ್ತುವ ಅಭ್ಯಾಸ: ಕ್ರಮದ ಆಯ್ಕೆ, ಗುರುವಿನ ಆಯ್ಕೆ

ಹಿಂದೆ ಗರಡಿಮನೆಗೆ ಹೋಗುತ್ತಿದ್ದ ಹುಡುಗನಿಗೆ ಗುರುವಿನ ಆಯ್ಕೆಯ ಪ್ರಶ್ನೆ ಏಳುವುದು ಅಪರೂಪವಾಗಿತ್ತು. ಕೇರಿಗೊಂದು ಗರಡಿ, ಗರಡಿಗೊಬ್ಬ ಉಸ್ತಾದ. ಆತ ಎದುರಿಗೆ ನಿಂತು ಎಷ್ಟು ದಂಡ, ಎಷ್ಟು ಬಸ್ಕಿ ಎಂದು ಹೇಳಿದರೆ ಅದೇ ಪಾಠ. ಇಂದು ಜಿಮ್ಮಿಗೆ ಕಾಲಿಡುವ ತರುಣ ತರುಣಿಯರ ಸ್ಥಿತಿ ಇದಕ್ಕೆ ತೀರ ವಿರುದ್ಧವಾದುದು. ಕೈಯಲ್ಲಿರುವ ಮೊಬೈಲನ್ನು ತೆರೆದರೆ ಸಾಕು, ನೂರಾರು ಶಿಕ್ಷಕರು ಎದುರಾಗುತ್ತಾರೆ. ಒಬ್ಬನ ಅಭ್ಯಾಸಕ್ರಮ ಉಚಿತ. ಇನ್ನೊಬ್ಬನದು ತಿಂಗಳಿಗೆ ಸಾವಿರಾರು ರೂಪಾಯಿ. ಕಳೆದುಕೊಂಡ ಹಣವನ್ನು ಮತ್ತೆ ಸಂಪಾದಿಸಬಹುದು. ಕೆಟ್ಟ ಬೆನ್ನು ಅಷ್ಟು ಸುಲಭವಾಗಿ ಸರಿಹೋಗುವುದಿಲ್ಲ. ಹೀಗಿರುವಲ್ಲಿ, ಪ್ರಯೋಗಶಾಲೆಯಲ್ಲಿ ಒಂದು ಅಳತೆಯನ್ನು ಪರೀಕ್ಷಿಸುವಂತೆಯೇ ಅಭ್ಯಾಸಕ್ರಮವನ್ನೂ ಶಿಕ್ಷಕನನ್ನೂ ಪರೀಕ್ಷಿಸಲು ಸಾಧ್ಯವೆ ಎಂಬುದನ್ನು ವಿಚಾರಮಾಡೋಣ.

ಪವರ್‌ಲಿಫ್ಟಿಂಗ್ ಎಂಬ ಕ್ರೀಡೆ ಇಂಥ ವಿಚಾರಕ್ಕೆ ಬಹಳ ಅನುಕೂಲವಾದುದು. ಇದರಲ್ಲಿ ಮೂರೇ ಎತ್ತುಗೆಗಳು. ಭಾರವನ್ನು ಹೆಗಲ ಮೇಲೆ ಹೊತ್ತು ಬಸ್ಕಿಯಂತೆ ಕುಳಿತು ಏಳುವುದು ಸ್ಕ್ವಾಟ್. ಬೆಂಚಿನ ಮೇಲೆ ಮಲಗಿ ಎದೆಯಿಂದ ಮೇಲಕ್ಕೆ ಒತ್ತುವುದು ಬೆಂಚ್ ಪ್ರೆಸ್. ನೆಲದಿಂದ ಬಗ್ಗಿ ಎತ್ತಿ ನೆಟ್ಟಗೆ ನಿಲ್ಲುವುದು ಡೆಡ್‌ಲಿಫ್ಟ್. ಪ್ರತಿಯೊಂದಕ್ಕೂ ಮೂರು ಅವಕಾಶಗಳು. ಮೂರರ ಉತ್ತಮ ಭಾರಗಳ ಮೊತ್ತವೇ ಸ್ಪರ್ಧಿಯ ಅಂಕ. ಇದರ ಅಂತರರಾಷ್ಟ್ರೀಯ ಒಕ್ಕೂಟ ಸ್ಥಾಪನೆಯಾದುದು 1972ರಲ್ಲಿ. ಇಲ್ಲಿ ಸೊಬಗಿಗೆ ಅಂಕವಿಲ್ಲ. ಫಲಿತಾಂಶ ಕಿಲೋಗ್ರಾಂಗಳಲ್ಲಿ ಬರುವುದರಿಂದ ಅಭ್ಯಾಸದ ಗುಣದೋಷಗಳೂ ಕಿಲೋಗ್ರಾಂಗಳಲ್ಲಿಯೇ ಹೊರಬೀಳಬೇಕು.

ಎಲ್ಲ ಅಭ್ಯಾಸಕ್ರಮಗಳ ತಳದಲ್ಲಿಯೂ ಇರುವ ತತ್ತ್ವ ಒಂದೇ: ಭಾರವನ್ನು ಕ್ರಮವಾಗಿ ಏರಿಸುತ್ತ ಹೋಗುವುದು. ಪ್ರಾಚೀನ ಗ್ರೀಕರ ಜಟ್ಟಿ ಮೈಲೋ ಒಂದು ಕರುವನ್ನು ದಿನವೂ ಹೊತ್ತು, ಅದು ಬೆಳೆದು ಹೋರಿಯಾದಾಗಲೂ ಹೊರಬಲ್ಲವನಾದನೆಂಬ ಕಥೆ ಇದನ್ನೇ ಹೇಳುತ್ತದೆ. ಇದಕ್ಕೆ ವೈದ್ಯಕೀಯ ರೂಪ ಕೊಟ್ಟವರಲ್ಲಿ ಪ್ರಮುಖನು ಅಮೆರಿಕದ ವೈದ್ಯ ಥಾಮಸ್ ಡಿಲೋರ್ಮ್. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರ ಕಾಲುಗಳಿಗೆ ಬಲ ತರಲು ಆತ ಭಾರದ ವ್ಯಾಯಾಮವನ್ನು ಪ್ರಯೋಗಿಸಿ 1945ರಲ್ಲಿ ಫಲಿತಾಂಶವನ್ನು ಪ್ರಕಟಿಸಿದನು. ಬಳಿಕ 1948ರಲ್ಲಿ ವಾಟ್ಕಿನ್ಸನೊಡನೆ ಸೇರಿ ಕ್ರಮವನ್ನು ಸರಳಗೊಳಿಸಿದನು: ಹತ್ತು ಬಾರಿ ಮಾತ್ರ ಎತ್ತಬಲ್ಲ ಭಾರವನ್ನು ಗೊತ್ತುಮಾಡಿ, ಅದರ ಅರ್ಧದಿಂದ ಒಂದು ಸೆಟ್ಟು, ಮುಕ್ಕಾಲಿನಿಂದ ಒಂದು, ಪೂರ್ಣಭಾರದಿಂದ ಒಂದು. ಇಂದಿನ ಜಿಮ್ಮುಗಳಲ್ಲಿ ಮೂರು ಸೆಟ್ಟು ಎಂಬ ಮಾತು ಮಂತ್ರದಂತಾಗಿರುವುದರಲ್ಲಿ ಈತನ ಪಾಲು ದೊಡ್ಡದು.

ಆದರೆ ಮೈಲೋನ ಕಥೆಯನ್ನು ಲೆಕ್ಕಕ್ಕೆ ಹಚ್ಚಿದರೆ ಅದರ ಮಿತಿ ತಿಳಿಯುತ್ತದೆ. ಹೊಸಬನೊಬ್ಬನು 40 ಕಿ.ಗ್ರಾಂ. ಸ್ಕ್ವಾಟಿನಿಂದ ಆರಂಭಿಸಿ ವಾರಕ್ಕೆ ಮೂರು ದಿನ, ದಿನಕ್ಕೆ 2.5 ಕಿ.ಗ್ರಾಂ.ನಂತೆ ಏರಿಸಿದನೆನ್ನಿ. ಒಂದು ವರ್ಷಕ್ಕೆ 430 ಕಿ.ಗ್ರಾಂ., ಎರಡು ವರ್ಷಕ್ಕೆ 820 ಕಿ.ಗ್ರಾಂ. ಆಗಬೇಕು! ಇದು ಮನುಷ್ಯಮಾತ್ರರಿಂದ ಆಗುವ ಕೆಲಸವಲ್ಲ. ಮೊದಲ ಕೆಲವು ವಾರಗಳಲ್ಲಿ ಈ ಏರಿಕೆ ನಿಜವಾಗಿಯೂ ನಡೆಯುತ್ತದೆ. ಏಕೆಂದರೆ ಆಗ ಬೆಳೆಯುವುದು ಸ್ನಾಯುವಿನ ಗಾತ್ರಕ್ಕಿಂತ ಹೆಚ್ಚಾಗಿ, ಇರುವ ಸ್ನಾಯುವನ್ನು ಒಟ್ಟಿಗೆ ಕೆಲಸಕ್ಕೆ ಹಚ್ಚುವ ನರಮಂಡಲದ ಜಾಣ್ಮೆ. ಅನಂತರ ರೇಖೆ ಬಾಗುತ್ತದೆ. ಆದುದರಿಂದ ಹೊಸಬನಿಗೆ ತಕ್ಕ ಕ್ರಮ ದಿನದಿನಕ್ಕೆ ಏರುವುದು. ಒಂದೆರಡು ವರ್ಷ ಪಳಗಿದವನಿಗೆ ತಕ್ಕುದು ವಾರಕ್ಕೋ ತಿಂಗಳಿಗೋ ಏರುವುದು. ಹೊಸಬನು ಜಗಜ್ಜೆಟ್ಟಿಯ ಅಭ್ಯಾಸಕ್ರಮವನ್ನು ಕೊಂಡು ತರುವುದು, ಒಂದನೆಯ ತರಗತಿಯ ಮಗುವಿಗೆ ಎಂ.ಎಸ್‌ಸಿ. ಪುಸ್ತಕ ಕೊಡಿಸಿದಂತೆಯೇ ಸರಿ.

ಏರಿಕೆಯ ಪ್ರಮಾಣದಲ್ಲಿ ಇನ್ನೊಂದು ಸೂಕ್ಷ್ಮವುಂಟು. ಹಲವು ಜಿಮ್ಮುಗಳಲ್ಲಿ ದೊರೆಯುವ ಅತಿ ಚಿಕ್ಕ ಪ್ಲೇಟು 1.25 ಕಿ.ಗ್ರಾಂ.; ಬಾರಿನ ಎರಡು ಬದಿಗೂ ಹಾಕಬೇಕಾದುದರಿಂದ ಕನಿಷ್ಠ ಏರಿಕೆ 2.5 ಕಿ.ಗ್ರಾಂ. ನೂರು ಕಿ.ಗ್ರಾಂ. ಎತ್ತುವವನಿಗೆ ಇದು ನೂರಕ್ಕೆ ಎರಡೂವರೆ. ಇಪ್ಪತ್ತೈದು ಕಿ.ಗ್ರಾಂ. ಬೆಂಚ್ ಪ್ರೆಸ್ ಮಾಡುವ ಹೆಣ್ಣುಮಗಳಿಗೆ ನೂರಕ್ಕೆ ಹತ್ತು! ಆಕೆ ಮೂರನೆಯ ವಾರದಲ್ಲಿ ನಿಂತುಹೋದರೆ ತಪ್ಪು ಆಕೆಯದಲ್ಲ. ಅರ್ಧ ಕಿಲೋ ಪ್ಲೇಟುಗಳ ಒಂದು ಜೊತೆಯನ್ನು ತರಿಸಿಕೊಳ್ಳಿರೆಂದು ಹೇಳುವ ಶಿಕ್ಷಕನನ್ನು ಕಂಡರೆ, ಆತ ಶಿಷ್ಯರನ್ನು ನೋಡಿ ಕ್ರಮ ಬರೆಯುವವನೆಂದು ಧಾರಾಳವಾಗಿ ನಂಬಬಹುದು.

ಅನೇಕ ಕ್ರಮಗಳು ಭಾರವನ್ನು ಶೇಕಡಾ ಲೆಕ್ಕದಲ್ಲಿ ಹೇಳುತ್ತವೆ. ಒಂದೇ ಬಾರಿ ಎತ್ತಬಲ್ಲ ಗರಿಷ್ಠ ಭಾರದಲ್ಲಿ ಇಂದು ಶೇಕಡಾ ಇಷ್ಟು, ನಾಳೆ ಇಷ್ಟು ಎಂದು. ಇಲ್ಲಿ ಎಲ್ಲ ಲೆಕ್ಕವೂ ನಿಂತಿರುವುದು ಆ ಒಂದು ಅಂಕಿಯ ಮೇಲೆ ಎಂಬುದನ್ನು ಮರೆಯಬಾರದು. ಜಿಮ್ ವೆಂಡ್ಲರ್ ಎಂಬ ಅಮೆರಿಕನ್ ಲಿಫ್ಟರು 2009ರಲ್ಲಿ ಪ್ರಕಟಿಸಿದ, ಇಂದಿಗೂ ಬಳಕೆಯಲ್ಲಿರುವ ಒಂದು ಕ್ರಮವನ್ನು ತೆಗೆದುಕೊಳ್ಳೋಣ. ಅದರಲ್ಲಿ ನಿಜವಾದ ಗರಿಷ್ಠದ ಶೇಕಡಾ 90ನ್ನು ಮಾತ್ರ ಆಧಾರವಾಗಿ ಹಿಡಿಯಬೇಕು. ಮೊದಲ ವಾರದ ಮೂರು ಸೆಟ್ಟುಗಳು ಆ ಆಧಾರದ ಶೇಕಡಾ 65, 75, 85. ಪ್ರತಿಯೊಂದೂ ಐದು ಬಾರಿ. ಗರಿಷ್ಠ 100 ಕಿ.ಗ್ರಾಂ. ಇರುವವನಿಗೆ ಆಧಾರ 90. ಆ ವಾರದ ಅತಿ ಭಾರದ ಸೆಟ್ಟು 76.5 ಕಿ.ಗ್ರಾಂ. ನಿರಾಯಾಸವೆಂದೇ ಹೇಳಬೇಕು.

ಈಗ ನಮ್ಮ ಹುಡುಗನು ಉತ್ಸಾಹದಲ್ಲಿ ತನ್ನ ಗರಿಷ್ಠ 120 ಎಂದು ಬರೆದುಕೊಂಡನೆನ್ನಿ. ಆಧಾರ 108 ಆಯಿತು. ಅದರ ಶೇಕಡಾ 85 ಎಂದರೆ 91.8 ಕಿ.ಗ್ರಾಂ. ಇದನ್ನು ಐದು ಬಾರಿ ಎತ್ತಬಲ್ಲನೆ? ನೆಬ್ರಾಸ್ಕ ವಿಶ್ವವಿದ್ಯಾಲಯದ ಶಿಕ್ಷಕ ಬಾಯ್ಡ್ ಎಪ್ಲಿಯ ಹೆಸರಿನಲ್ಲಿ ಒಂದು ಸ್ಥೂಲ ಸೂತ್ರವುಂಟು: ಎತ್ತಿದ ಬಾರಿಗಳ ಸಂಖ್ಯೆಯನ್ನು 30ರಿಂದ ಭಾಗಿಸಿ, ಒಂದನ್ನು ಕೂಡಿಸಿ, ಭಾರದಿಂದ ಗುಣಿಸಿದರೆ ಗರಿಷ್ಠ ಸಿಗುತ್ತದೆ. ಇದರಂತೆ ಗರಿಷ್ಠ 100 ಇರುವವನು ಐದು ಬಾರಿ ಎತ್ತಬಲ್ಲುದು ಸುಮಾರು 86 ಕಿ.ಗ್ರಾಂ. ಮಾತ್ರ. ಅಂದರೆ ಮೊದಲ ವಾರದಲ್ಲಿಯೇ ಅವನು ಅಸಾಧ್ಯವಾದುದಕ್ಕೆ ಕೈಹಾಕಿದ್ದಾನೆ. ಬೆನ್ನು ಬಾಗಿಸಿ, ಉಸಿರು ಕಟ್ಟಿ ಹೇಗೋ ಎತ್ತುತ್ತಾನೆ. ‘ಈ ಕ್ರಮ ಕೆಟ್ಟುದು’ ಎಂದು ಹೇಳುವವರಲ್ಲಿ ಇಂಥವರೂ ಸೇರಿರುತ್ತಾರೆ. ಇದೇ ಸೂತ್ರದಿಂದ ಇನ್ನೊಂದು ಉಪಯೋಗ: ಗರಿಷ್ಠ ಭಾರವನ್ನು ಪದೇ ಪದೇ ಎತ್ತಿ ನೋಡುವ ಅಪಾಯವಿಲ್ಲದೆ, ಮೂರು ಅಥವಾ ಐದು ಬಾರಿಯ ಸೆಟ್ಟಿನಿಂದಲೇ ಪ್ರಗತಿಯನ್ನು ಅಂದಾಜುಮಾಡಬಹುದು. ಹತ್ತನ್ನು ಮೀರಿದ ಬಾರಿಗಳಿಗೆ ಮಾತ್ರ ಇದನ್ನು ನಂಬಬಾರದು.

ಇನ್ನು ಶಿಕ್ಷಕನ ವಿಷಯ. ಸಾಮಾನ್ಯವಾಗಿ ಆತ ಮುಂದಿಡುವ ಸಾಕ್ಷ್ಯ ಎರಡು: ತನ್ನ ದೇಹ, ಮತ್ತು ಗೆದ್ದ ಶಿಷ್ಯರ ಭಾವಚಿತ್ರಗಳು. ಎರಡನ್ನೂ ನಾವು ಸಂಶಯದಿಂದ ನೋಡಬೇಕಾಗುತ್ತದೆ. ಒಬ್ಬನ ಬಲಕ್ಕೆ ಅವನ ಅಭ್ಯಾಸಕ್ರಮವಲ್ಲದೆ ವಂಶಗುಣ, ವಯಸ್ಸು, ಆಹಾರ, ಕಳೆದ ವರ್ಷಗಳು ಎಲ್ಲವೂ ಕಾರಣ. ಕೆಲವೊಮ್ಮೆ ಔಷಧಿಯೂ ಹೌದು. ಈ ಕೊನೆಯದರ ಬಲವೆಷ್ಟೆಂಬುದನ್ನು ಶಾಲೇಂದರ್ ಭಾಸಿನ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಪ್ರಯೋಗ ತೋರಿಸಿತು. ಹತ್ತು ವಾರಗಳಲ್ಲಿ, ಔಷಧಿಯಿಲ್ಲದೆ ಭಾರ ಎತ್ತಿದವರ ಕೊಬ್ಬುರಹಿತ ದೇಹತೂಕ ಸರಾಸರಿ ಸುಮಾರು 2 ಕಿ.ಗ್ರಾಂ. ಹೆಚ್ಚಿತು. ವಾರಕ್ಕೆ 600 ಮಿಲಿಗ್ರಾಂ ಟೆಸ್ಟೋಸ್ಟಿರೋನ್ ಚುಚ್ಚಿಸಿಕೊಂಡು ಸುಮ್ಮನೆ ಕುಳಿತವರಲ್ಲಿ ಸುಮಾರು 3; ಎರಡನ್ನೂ ಮಾಡಿದವರಲ್ಲಿ ಸುಮಾರು 6. ವ್ಯಾಯಾಮ ಮಾಡದವನು ಮಾಡಿದವನನ್ನು ಮೀರಿಸಿದನೆಂದ ಮೇಲೆ, ತೋಳಿನ ಸುತ್ತಳತೆಯಿಂದ ಕ್ರಮದ ಯೋಗ್ಯತೆಯನ್ನು ಅಳೆಯುವುದು ಹೇಗೆ? ಇಂಥ ಔಷಧಿಗಳನ್ನು ತಾನೇ ಮಾರುವ ಅಥವಾ ಸೂಚಿಸುವ ಶಿಕ್ಷಕನಿಂದ ಆ ಕ್ಷಣವೇ ದೂರವಾಗಬೇಕು. ಸ್ಪರ್ಧೆಯಿಂದ ನಿಷೇಧಿತರಾಗುವುದಂತೂ ಸರಿಯೇ, ಹೃದಯ ಮತ್ತು ಪುರುಷಗ್ರಂಥಿಗಳ ಆರೋಗ್ಯದ ಪ್ರಶ್ನೆಯೂ ಇದರಲ್ಲಿದೆ.

ಶಿಷ್ಯರ ಚಿತ್ರಗಳ ಬಗೆಗೆ ಕೇಳಬೇಕಾದುದು ಒಂದೇ ಮಾತು: ಇವರು ಎಷ್ಟು ಮಂದಿಯಲ್ಲಿ ಹತ್ತು ಮಂದಿ? ಇಪ್ಪತ್ತರಲ್ಲಿ ಹತ್ತಾದರೆ ಒಳ್ಳೆಯ ಗುರು. ಎರಡು ಸಾವಿರದಲ್ಲಿ ಹತ್ತಾದರೆ ಅಂಥ ಹತ್ತು ಮಂದಿ ಯಾವ ಗುರುವಿಲ್ಲದೆಯೂ ಸಿಗುತ್ತಿದ್ದರು. ಭಿನ್ನರಾಶಿಯ ಛೇದವನ್ನು ಮುಚ್ಚಿಟ್ಟು ಅಂಶವನ್ನು ಮಾತ್ರ ತೋರಿಸುವುದು ಈ ವ್ಯಾಪಾರದ ಹಳೆಯ ಚಾತುರ್ಯ.

ಹಾಗಾದರೆ ಅಂತರಜಾಲದ ಶಿಕ್ಷಕನಿಂದ ಪ್ರಯೋಜನವೇ ಇಲ್ಲವೆ? ಖಂಡಿತ ಉಂಟು. ಕಾಗದದ ಮೇಲಿನ ಕ್ರಮಕ್ಕೆ ಕಣ್ಣಿಲ್ಲ. ಒಳ್ಳೆಯ ಶಿಕ್ಷಕನಿಗೆ ಇದೆ. ಇಬ್ಬರು 100 ಕಿ.ಗ್ರಾಂ. ಹೊತ್ತು ಕುಳಿತಿದ್ದಾರೆ. ಬಾರಿನ ನೇರದಿಂದ ಸೊಂಟದ ಕೀಲಿಗೆ ಇರುವ ಅಡ್ಡ ದೂರ ಒಬ್ಬನಲ್ಲಿ 25 ಸೆಂ.ಮೀ., ಉದ್ದ ತೊಡೆಯ ಇನ್ನೊಬ್ಬನಲ್ಲಿ 30 ಸೆಂ.ಮೀ. ಭಾರದ ಬಲ ಸುಮಾರು 980 ನ್ಯೂಟನ್ ಆದುದರಿಂದ ಬಾರು ಸೊಂಟವನ್ನು ತಿರುಗಿಸುವ ಪ್ರಭಾವ ಮೊದಲನೆಯವನಲ್ಲಿ 245, ಎರಡನೆಯವನಲ್ಲಿ 294 ನ್ಯೂಟನ್-ಮೀಟರ್. ಬಾರು ಒಂದೇ, ಸೊಂಟದ ಹೊರೆ ಶೇಕಡಾ 20 ಹೆಚ್ಚು. ಇವರಿಬ್ಬರಿಗೂ ಒಂದೇ ಭಂಗಿಯನ್ನು ವಿಧಿಸುವವನು ಶಿಷ್ಯರನ್ನು ನೋಡಿಯೇ ಇಲ್ಲ. ಹಣ ಕೊಡುವ ಮೊದಲು ಆತ ನಮ್ಮ ವಯಸ್ಸು, ಹಳೆಯ ಪೆಟ್ಟುಗಳು, ಕೆಲಸದ ವೇಳೆ, ಈಗ ಎತ್ತುವ ಭಾರ ಇವನ್ನು ಕೇಳುತ್ತಾನೆಯೆ, ಕಳುಹಿಸಿದ ಚಲನಚಿತ್ರಕ್ಕೆ ಎಷ್ಟು ದಿನಗಳಲ್ಲಿ ಉತ್ತರ ಕೊಡುತ್ತಾನೆ ಎಂಬುದನ್ನು ತಿಳಿದುಕೊಳ್ಳಬೇಕು. ಸೊಂಟದಿಂದ ಕಾಲಿಗೆ ಇಳಿಯುವ ನೋವನ್ನು ಹೇಳಿದಾಗ ವೈದ್ಯರಲ್ಲಿಗೆ ಹೋಗಿರೆನ್ನದೆ ಇನ್ನೊಂದು ವ್ಯಾಯಾಮ ಬರೆದುಕೊಡುವವನು ಬೇಡ.

ಚಿತ್ರ ತೆಗೆಯುವುದರಲ್ಲಿಯೂ ಎಚ್ಚರ ಅಗತ್ಯ. ಸ್ಕ್ವಾಟಿನಲ್ಲಿ ಸೊಂಟದ ಮಡಿಕೆ ಮೊಣಕಾಲಿನ ಮೇಲ್ಭಾಗಕ್ಕಿಂತ ಕೆಳಗಿಳಿಯಬೇಕೆಂಬುದು ನಿಯಮ. ಮುಂದುಗಡೆ ನೆಲದ ಮೇಲಿಟ್ಟ ಕ್ಯಾಮೆರಾಕ್ಕೆ, ಹತ್ತಿರವಿರುವ ಮೊಣಕಾಲು ಎತ್ತರವಾಗಿಯೂ ಹಿಂದಿರುವ ಸೊಂಟ ತಗ್ಗಾಗಿಯೂ ಕಾಣುವುದರಿಂದ, ಅರೆಬರೆ ಕುಳಿತವನೂ ಪೂರ್ತಿ ಕುಳಿತಂತೆ ತೋರುತ್ತಾನೆ. ಪಕ್ಕದಿಂದ, ಕುಳಿತಾಗಿನ ಸೊಂಟದ ಎತ್ತರದಲ್ಲಿ ತೆಗೆದ ಚಿತ್ರವೇ ನಂಬತಕ್ಕದ್ದು.

ಆರಿಸಿದ ಮೇಲೆ ಕನಿಷ್ಠ ಹನ್ನೆರಡು ವಾರ ಅದನ್ನೇ ಹಿಡಿದು, ದಿನಾಂಕ, ಭಾರ, ಬಾರಿಗಳನ್ನು ಪುಸ್ತಕದಲ್ಲಿ ಬರೆಯಬೇಕು. ನಿದ್ದೆಗೆಟ್ಟ ಒಂದು ದಿನ ಐದು ಕಿಲೋ ಇಳಿಯುವುದುಂಟು. ಒಂದು ದಿನದ ಅಂಕಿ ಏನನ್ನೂ ಹೇಳದು, ಹಲವು ವಾರಗಳ ಸಾಲು ಹೇಳುತ್ತದೆ. ಆ ಸಾಲಿಗೆ ಅರ್ಥವಿರಬೇಕಾದರೆ ಅಳತೆಯ ಸಾಧನವೂ ಒಂದೇ ಆಗಿರಬೇಕಷ್ಟೆ. ಸ್ಪರ್ಧೆಯ ಪ್ಲೇಟುಗಳು ನಮೂದಿಸಿದ ತೂಕದಿಂದ ಶೇಕಡಾ 0.25ರ ಅಥವಾ 10 ಗ್ರಾಮಿನ ಒಳಗಿರಬೇಕೆಂದು ಅಂತರರಾಷ್ಟ್ರೀಯ ಒಕ್ಕೂಟದ ನಿಯಮ. ಬೀದಿಯ ಜಿಮ್ಮಿನ ಎರಕದ ಪ್ಲೇಟುಗಳಿಗೆ ಅಂಥ ಕಟ್ಟುಪಾಡಿಲ್ಲ. ಅಂಗಡಿಯ ತಕ್ಕಡಿಯಲ್ಲಿ ಅವನ್ನು ಒಮ್ಮೆ ತೂಗಿಸಿ, ನಿಜವಾದ ತೂಕವನ್ನು ಸೀಮೆಸುಣ್ಣದಿಂದ ಬರೆದಿಟ್ಟು, ದಿನವೂ ಅದೇ ಜೊತೆಯನ್ನು ಬಳಸುವುದು ಒಳ್ಳೆಯದು.